ಸೋಮಾರಿಯೆಂಬ ಹೆಸರು ಮತ್ತು ತೋಳಿನ ನರಗಳ ಸಾಕ್ಷ್ಯ



ಗೋಕಾಕಕ್ಕೆ ಹೋಗಿಬಂದವರ ಮನೆಗಳಲ್ಲಿ ಎರಡು ವಸ್ತುಗಳು ಸಾಮಾನ್ಯವಾಗಿ ಕಾಣಸಿಗುವುವು. ಒಂದು ಕರದಂಟು, ಅದು ಬಹಳ ದಿನ ಉಳಿಯತಕ್ಕುದಲ್ಲ. ಮತ್ತೊಂದು ಹಗುರವಾದ ಮರದಲ್ಲಿ ಕೊರೆದು ಬಣ್ಣವಿಟ್ಟ ಹಣ್ಣುಗಳ ಬುಟ್ಟಿ. ಬಾಳೆಯ ಹಣ್ಣು, ಮಾವಿನ ಹಣ್ಣು, ಸೀತಾಫಲ, ಎಲ್ಲವೂ ಅಲ್ಲಿರುವುವು. ಮನೆಗೆ ಬಂದ ಮಗುವು ಕೈಚಾಚಿ ಒಂದನ್ನು ಕಚ್ಚಿದ ಮೇಲೆಯೇ ಅದು ಮರವೆಂದು ತಿಳಿಯುವುದು. ಹೊರಗಿನ ಹೋಲಿಕೆಯನ್ನು ನೋಡಿ ಒಳಗಿನ ನಿಜವನ್ನು ನಿಶ್ಚಯಿಸಕೂಡದೆಂಬ ಪಾಠವನ್ನು ನಮ್ಮ ಸೀಮೆಯ ಮಕ್ಕಳು ಹೀಗೆ ಹಲ್ಲಿನಿಂದಲೇ ಕಲಿಯುವರು. ಇದೇ ಪಾಠವನ್ನು ಯೂರೋಪಿನ ಪಂಡಿತರು ಕಲಿಯುವುದಕ್ಕೆ ಅನೇಕ ದಶಕಗಳು ಬೇಕಾದುವು. ಆ ಕಥೆಯಲ್ಲಿ ನಮ್ಮ ಕನ್ನಡನಾಡಿನ ಎರಡು ಪ್ರಾಣಿಗಳು ಸಿಕ್ಕಿಬಿದ್ದಿದ್ದುವು. ಅದನ್ನು ತಮ್ಮ ಮುಂದೆ ಅರಿಕೆಮಾಡಿಕೊಳ್ಳುವುದೇ ಈ ಭಾಷಣದ ಉದ್ದೇಶ.

ನಾನು ಇತಿಹಾಸದ ಅಧ್ಯಾಪಕನು. ಅಂಗರಚನಾಶಾಸ್ತ್ರವು ನನ್ನ ವೃತ್ತಿಯಲ್ಲ. ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದು ಗ್ರಂಥಗಳಿಂದಲ್ಲ, ನಮ್ಮ ಮನೆಯಿಂದ. ನಮ್ಮ ಹುಟ್ಟೂರು ಗೋಕಾಕ ಸೀಮೆಯ ಮೇಲವಂಕಿ. ಅಲ್ಲಿ ನಮ್ಮ ತಂದೆಯವರ ತಮ್ಮ, ನಮ್ಮ ಕಾಕಾ, ಒಂದು ಬೇಸಗೆಯಲ್ಲಿ ಹುಣಿಸೆಯ ಮರದಿಂದ ಬಿದ್ದು ಬಲದೋಳಿನ ಎಲುಬನ್ನು ಮುರಿದುಕೊಂಡರು. ಬಿದಿರಿನ ದಬ್ಬೆಗಳನ್ನಿಟ್ಟು ಕಟ್ಟಿದುದಾಯಿತು. ಎರಡು ತಿಂಗಳಲ್ಲಿ ಎಲುಬು ಕೂಡಿಕೊಂಡಿತು. ಆದರೆ ಮಣಿಕಟ್ಟು ಜೋತುಬಿದ್ದಿತು. ಅಂಗೈಯನ್ನು ಕೆಳಮುಖವಾಗಿ ಹಿಡಿದರೆ ಕೈ ಒಣಗಿದ ಎಲೆಯಂತೆ ಇಳಿದುಬಿಡುವುದು, ಮೇಲೆತ್ತಲು ಆಗದು. ಕಬ್ಬಿನ ಗಾಣದ ಮುಂದೆ ಕೆಲಸಕ್ಕೆ ನಿಂತರೆ ಕೈಯಿಂದ ಕಬ್ಬಿನ ಹೊರೆ ಜಾರುವುದು. ಎಲುಬು ಕೂಡಿದ ಮೇಲೆ ಇನ್ನೇನು ರೋಗವೆಂದು ಊರವರು ಕೇಳಿದರು. ಉತ್ತರವಿಲ್ಲದುದರಿಂದ ತಾವೇ ಉತ್ತರ ಕೊಟ್ಟುಕೊಂಡರು. ಕಾಕಾ ಮೈಗಳ್ಳನಾದನು ಎಂದರು. "ಏನ್ ಮಾಡ್ಲೋ ತಮ್ಮಾ, ಕೈ ನನ್ನ ಮಾತ ಕೇಳಂಗಿಲ್ಲ" ಎಂದು ಅವರು ನನಗೆ ಹೇಳುತ್ತಿದ್ದರು. ನಾನು ಆಗ ಹುಡುಗನು. ನನಗೂ ಅದು ನೆವವೆಂದೇ ತೋರುತ್ತಿದ್ದಿತು. ಈ ಮಾತನ್ನು ತಾವು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಕೋರಿ, ನಾನು ಈಗ ದೂರದ ದೇಶಕ್ಕೆ ಹೋಗುವೆನು.

ದಕ್ಷಿಣ ಅಮೆರಿಕೆಯ ಮಳೆಕಾಡುಗಳಲ್ಲಿ ಸ್ಲಾತ್ ಎಂಬ ಪ್ರಾಣಿಯುಂಟು. ಇಂಗ್ಲಿಷಿನಲ್ಲಿ ಆ ಪದದ ಅರ್ಥವೇ ಸೋಮಾರಿತನ. ಅದು ಕೊಂಬೆಗಳಿಗೆ ತನ್ನ ಕೊಕ್ಕೆಯಂಥ ಉಗುರುಗಳನ್ನು ಸಿಕ್ಕಿಸಿ, ಬೆನ್ನು ಕೆಳಗೆ ಹೊಟ್ಟೆ ಮೇಲೆ ಮಾಡಿ ತೂಗಾಡುತ್ತ, ಎಲೆ ತಿನ್ನುತ್ತ ಕಾಲ ಕಳೆಯುವುದು. ಅದರಲ್ಲಿ ಎರಡು ಜಾತಿಗಳು: ಮುಂಗೈಯಲ್ಲಿ ಮೂರು ಉಗುರುಳ್ಳುದು ಒಂದು, ಎರಡು ಉಗುರುಳ್ಳುದು ಮತ್ತೊಂದು. ಸ್ವೀಡನ್ನಿನ ಲಿನೇಯಸನು 1758ರಲ್ಲಿ ಇವೆರಡಕ್ಕೂ ಬ್ರಾಡಿಪಸ್, ಎಂದರೆ ನಿಧಾನಪಾದವೆಂಬ ಹೆಸರನ್ನಿಟ್ಟನು. ಫ್ರಾನ್ಸಿನ ಬುಫಾನನು ಇನ್ನೂ ಕಠಿನನಾದನು. ಈ ಪ್ರಾಣಿಯು ಸೃಷ್ಟಿಯ ಕೊರತೆಗಳ ಮೂಟೆಯೆಂದೂ, ಇನ್ನೊಂದು ದೋಷ ಸೇರಿದ್ದರೆ ಇದು ಬದುಕಲಾರದಾಗಿತ್ತೆಂದೂ ಅವನ ಅಭಿಪ್ರಾಯ. ಬುಫಾನನು ಈ ಪ್ರಾಣಿಯನ್ನು ಅದರ ಕಾಡಿನಲ್ಲಿ ಕಂಡವನಲ್ಲ. ನೆಲದ ಮೇಲೆ ಇಟ್ಟರೆ ಅದು ನಡೆಯಲಾರದೆ ತೆವಳುವುದು. ನೀರಿನಿಂದ ತೆಗೆದ ಮೀನನ್ನು ನೋಡಿ ಮೀನಿಗೆ ಚಲನೆಯಿಲ್ಲವೆಂದು ತೀರ್ಮಾನಿಸಿದಂತೆ ಆ ತೀರ್ಪಾಯಿತು. ಚಾರ್ಲ್ಸ್ ವಾಟರ್ಟನ್ ಎಂಬ ಆಂಗ್ಲ ಪ್ರವಾಸಿಯು ಗಯಾನಾದ ಕಾಡುಗಳಲ್ಲಿ ತಿರುಗಿ, ಒಂದು ಸ್ಲಾತನ್ನು ಕೆಲವು ತಿಂಗಳು ತನ್ನ ಕೋಣೆಯಲ್ಲಿಯೇ ಸಾಕಿ ನೋಡಿದನು. 1825ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಇದು ಕೊಂಬೆಯ ಮೇಲಲ್ಲ, ಕೊಂಬೆಯ ಕೆಳಗೆ ಬಾಳಲು ಹುಟ್ಟಿದ ಪ್ರಾಣಿಯೆಂದು ವಾದಿಸಿದನು. ಆ ವಾದವೇ ಗೆದ್ದಿತು.

ಆದರೆ ಅಷ್ಟರಲ್ಲಿ ಈ ಹೆಸರು ಸಮುದ್ರ ದಾಟಿ ಭಾರತಕ್ಕೂ ಬಂದಿತ್ತು. 1770ರಲ್ಲಿ ಹಾಲೆಂಡಿನ ವಾಸ್ಮೇರ್ ಎಂಬವನು ಬಂಗಾಳದಿಂದ ಬಂದ ಒಂದು ಸಣ್ಣ ಪ್ರಾಣಿಯನ್ನು ವರ್ಣಿಸಿ, ಅದನ್ನು ಬಂಗಾಳದ ಐದು ಬೆರಳಿನ ಸ್ಲಾತ್ ಎಂದು ಕರೆದನು. ಅದು ನಿಜವಾಗಿ ಲೋರಿಸ್ ಜಾತಿಯದು. ನಮ್ಮ ಕಾಡುಪಾಪದ ಬಂಧು. ಗುಂಡಗಣ್ಣಿನ, ಬಾಲವಿಲ್ಲದ, ರಾತ್ರಿಯಲ್ಲಿ ಸದ್ದಿಲ್ಲದೆ ಕೊಂಬೆಯಿಂದ ಕೊಂಬೆಗೆ ಸರಿಯುವ ಕಾಡುಪಾಪವನ್ನು ತುಮಕೂರಿನ ನಾಗವಲ್ಲಿಯ ಕಡೆಯವರು ಚೆನ್ನಾಗಿ ಬಲ್ಲರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೂ ಅದು ಕಂಡುಬಂದುದುಂಟು. ಲಿನೇಯಸನು ಲೋರಿಸಿಗೂ ನಿಧಾನ ನಡೆಯದೆಂಬರ್ಥದ ಟಾರ್ಡಿಗ್ರೇಡಸ್ ಎಂಬ ಉಪನಾಮವನ್ನು ಕೊಟ್ಟಿದ್ದನು. ಕಲ್ಕತ್ತೆಯ ನ್ಯಾಯಾಧೀಶನೂ ಸಂಸ್ಕೃತ ವಿದ್ವಾಂಸನೂ ಆಗಿದ್ದ ಸರ್ ವಿಲಿಯಂ ಜೋನ್ಸನು ಮನೆಯಲ್ಲಿ ಒಂದು ಲೋರಿಸನ್ನು ಸಾಕಿ, ಅದರ ಮೇಲೆ ಪ್ರೀತಿಯಿಂದ ಒಂದು ಪ್ರಬಂಧವನ್ನು ಬರೆದನು. ಅವನು ತೀರಿಕೊಂಡ ಮರುವರ್ಷ, 1795ರಲ್ಲಿ, ಅದು ಏಷಿಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು.

ಎರಡನೆಯ ಪ್ರಾಣಿಯ ಗತಿ ಇನ್ನೂ ವಿಚಿತ್ರವಾದುದು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯವು ಬೆಂಗಳೂರಿನ ಕೋಟೆಯನ್ನು ಹಿಡಿದುದು ಇತಿಹಾಸ ಓದಿದವರಿಗೆಲ್ಲ ತಿಳಿದ ಸಂಗತಿ. ಅದೇ ವರ್ಷ ಲಂಡನ್ನಿನಲ್ಲಿ ಜಾರ್ಜ್ ಷಾ ಎಂಬ ಪ್ರಾಣಿಶಾಸ್ತ್ರಜ್ಞನು ಭಾರತದ ಒಂದು ಮೃಗಕ್ಕೆ ಬ್ರಾಡಿಪಸ್ ಅರ್ಸೈನಸ್, ಎಂದರೆ ಕರಡಿಯಂಥ ಸ್ಲಾತ್, ಎಂದು ನಾಮಕರಣ ಮಾಡಿದನು. ಆ ಮೃಗವು ನಮ್ಮ ಕರಡಿಯೇ! ಅದಕ್ಕೆ ಉದ್ದವಾದ ಡೊಂಕು ಉಗುರುಗಳು; ಸ್ಲಾತಿಗೂ ಹಾಗೆಯೇ. ಅದರ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಸ್ಲಾತಿಗೂ ಮುಂದಿನ ಹಲ್ಲುಗಳಿಲ್ಲ. ಮೈಯೆಲ್ಲ ಜೋಲುಗೂದಲು, ಅದೂ ಹೋಲುವುದು. ಹೀಗೆ ಮೂರು ಲಕ್ಷಣಗಳನ್ನು ಕೂಡಿಸಿ ಷಾ ತನ್ನ ತೀರ್ಪನ್ನು ಬರೆದನು. ಸಂಸ್ಕೃತದಲ್ಲಿ ಋಕ್ಷವೆಂದೂ ಭಲ್ಲೂಕವೆಂದೂ, ಕನ್ನಡದಲ್ಲಿ ಕರಡಿಯೆಂದೂ ಕರೆಸಿಕೊಂಡು, ಜಾಂಬವಂತನ ಕುಲವೆಂದು ಹಳ್ಳಿಹಳ್ಳಿಯಲ್ಲಿಯೂ ಪರಿಚಿತವಾಗಿದ್ದ ಪ್ರಾಣಿಯು ಲಂಡನ್ನಿನ ಪುಸ್ತಕದಲ್ಲಿ ಬೇರೆ ಖಂಡದ ಬೇರೆ ವಂಶಕ್ಕೆ ದತ್ತುಹೋಯಿತು.

ಈ ತಪ್ಪು ಬಹುಕಾಲ ನಿಲ್ಲಲಿಲ್ಲ. ಎರಡೇ ವರ್ಷಗಳಲ್ಲಿ, 1793ರಲ್ಲಿ, ಜರ್ಮನಿಯ ಮೈಯರ್ ಎಂಬವನು ಅದಕ್ಕೆ ಮೆಲರ್ಸಸ್, ಎಂದರೆ ಜೇನುಗರಡಿ, ಎಂಬ ಬೇರೆ ಕುಲನಾಮವನ್ನು ಕೊಟ್ಟನು. ಇಂದಿನ ಶಾಸ್ತ್ರನಾಮವು ಮೆಲರ್ಸಸ್ ಅರ್ಸೈನಸ್. ಕರಡಿಯಂಥ ಜೇನುಗರಡಿ ಎಂದು ಅದರ ಅರ್ಥ; ನಾಮಕರಣದ ತೊಡಕು ಹೀಗೆ ಒಂದು ನಗೆಯನ್ನೂ ಉಳಿಸಿಹೋಗಿದೆ. ಆದರೆ ಇಂಗ್ಲಿಷಿನ ಬಳಕೆಯಲ್ಲಿ ಕರಡಿಯಂಥ ಸ್ಲಾತ್ ಎಂಬುದು ತಿರುಗುಮುರುಗಾಗಿ ಸ್ಲಾತ್ ಕರಡಿ ಎಂದಾಯಿತೇ ಹೊರತು, ಸೋಮಾರಿಯೆಂಬ ಬಿರುದು ಬಿಟ್ಟುಹೋಗಲಿಲ್ಲ. ಬಳ್ಳಾರಿ ಸೀಮೆಯ ದರೋಜಿಯ ಬಂಡೆಗಳ ನಡುವೆ ಸಂಜೆಯ ಹೊತ್ತು ಕರಡಿಯನ್ನು ಕಂಡವರು ಅದನ್ನು ಸೋಮಾರಿಯೆನ್ನಲಾರರು. ಅದು ಗಟ್ಟಿಯಾದ ಹುತ್ತವನ್ನು ಉಗುರಿನಿಂದ ಒಡೆದು, ಹಲ್ಲುಗಳ ನಡುವಿನ ತೆರಪಿನಿಂದ ಗೆದ್ದಲನ್ನು ಹೀರುವುದು. ಮರವೇರಿ ಜೇನಿಗೆ ಕೈಹಾಕುವುದು. ಸಿಟ್ಟುಬಂದರೆ ಓಡುವ ಮನುಷ್ಯನನ್ನು ಮೀರಿ ಓಡುವುದು.

ಹಾಗಾದರೆ ಹೊರಗಿನ ಹೋಲಿಕೆಯನ್ನು ಪರೀಕ್ಷಿಸುವ ಒರೆಗಲ್ಲು ಯಾವುದು? ಹಲ್ಲು, ತಲೆಬುರುಡೆ, ಎಲುಬುಗಳಿಂದ ಅನೇಕ ಸಾಕ್ಷ್ಯಗಳು ದೊರೆಯುವುವು. ನಾನು ಈ ದಿನ ಆರಿಸಿಕೊಂಡಿರುವುದು ಒಂದೇ ಅಂಗವನ್ನು: ಮುಂಗಾಲು, ಅಥವಾ ನಮ್ಮ ಮಾತಿನಲ್ಲಿ ತೋಳು. ಸ್ಲಾತ್ ತೂಗಾಡುವುದು ಅದರಿಂದ, ಕರಡಿ ಅಗೆಯುವುದು ಅದರಿಂದ, ಕಾಡುಪಾಪವು ಕೊಂಬೆಯನ್ನು ಹಿಡಿಯುವುದು ಅದರಿಂದ, ನಾವು ಬರೆಯುವುದೂ ಅದರಿಂದ.

ತೋಳಿನ ನರಗಳ ಕ್ರಮವನ್ನು ಮೊದಲು ಸಂಗ್ರಹವಾಗಿ ಹೇಳುವೆನು. ನಮ್ಮ ಬೆನ್ನುಹುರಿಯಿಂದ ಎಡಕ್ಕೂ ಬಲಕ್ಕೂ ನರಗಳು ಜೋಡಿಜೋಡಿಯಾಗಿ ಹೊರಡುವುವು. ಕೊರಳಿನಲ್ಲಿ ಇಂಥ ಎಂಟು ಜೋಡಿಗಳಿವೆ. ಅವುಗಳಲ್ಲಿ ಐದನೆಯದರಿಂದ ಎಂಟನೆಯದರವರೆಗಿನ ನಾಲ್ಕೂ, ಎದೆಯ ಮೊದಲನೆಯದೂ ಕೂಡಿ, ಕೊರಳಿನ ಬುಡದಲ್ಲಿಯೂ ಕಂಕುಳಿನಲ್ಲಿಯೂ ಒಂದು ಜಾಲವನ್ನು ಹೆಣೆಯುವುವು. ಆ ಜಾಲದಿಂದ ಐದು ದೊಡ್ಡ ನರಗಳು ತೋಳಿಗೆ ಇಳಿಯುವುವು. ಒಂದು ಹೆಗಲಿನ ಸ್ನಾಯುವಿಗೆ. ಒಂದು ಮೊಣಕೈಯನ್ನು ಮಡಿಸುವ ಸ್ನಾಯುಗಳಿಗೆ. ಮೀಡಿಯನ್ ಮತ್ತು ಅಲ್ನರ್ ಎಂಬೆರಡು ಬೆರಳುಗಳನ್ನು ಮಡಿಸುವ ಸ್ನಾಯುಗಳಿಗೆ ಮತ್ತು ಅಂಗೈಗೆ. ರೇಡಿಯಲ್ ಎಂಬ ಐದನೆಯದು ತೋಳಿನ ಹಿಂಭಾಗದಿಂದ ಸುತ್ತಿಕೊಂಡು ಬಂದು, ಮೊಣಕೈ, ಮಣಿಕಟ್ಟು, ಬೆರಳುಗಳನ್ನು ಚಾಚುವ ಸ್ನಾಯುಗಳಿಗೆ. ಮಡಿಸುವುದಕ್ಕೆ ಮುಂದಿನ ನರಗಳು, ಚಾಚುವುದಕ್ಕೆ ಹಿಂದಿನ ನರ: ಇಷ್ಟು ನೆನಪಿದ್ದರೆ ಸಾಕು.

ಆಶ್ಚರ್ಯದ ಸಂಗತಿಯೆಂದರೆ, ಈ ಮೂಲವಿನ್ಯಾಸವು ಸ್ತನಿಗಳಲ್ಲೆಲ್ಲ ಒಂದೇ. ಸ್ಲಾತಿನ ಕೈ ಬರಿಯ ಕೊಕ್ಕೆಯಾಗಿದ್ದರೂ, ಬೆರಳುಗಳು ಎರಡೋ ಮೂರೋ ಆಗಿದ್ದರೂ, ಚಾಚುವ ಸ್ನಾಯುಗಳಿಗೆ ಹಿಂದಿನಿಂದ ಬರುವ ನರವೇ, ಮಡಿಸುವ ಸ್ನಾಯುಗಳಿಗೆ ಮುಂದಿನಿಂದ ಬರುವ ನರಗಳೇ. ಸ್ನಾಯುವು ಜೀವಿಯ ಅವಶ್ಯಕತೆಗೆ ತಕ್ಕಂತೆ ದಪ್ಪವಾಗಬಹುದು, ಸಣ್ಣದಾಗಬಹುದು, ಸ್ಥಳಾಂತರ ಹೊಂದಬಹುದು. ಆದರೆ ಅದು ಎಲ್ಲಿಗೆ ಹೋದರೂ ತವರಿನ ನರವನ್ನು ಎಳೆದುಕೊಂಡೇ ಹೋಗುವುದು. ಇದಕ್ಕೆ ನಮ್ಮ ದೇಹದಲ್ಲಿಯೇ ಒಂದು ನಿದರ್ಶನವಿದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯು ಪಿಂಡಾವಸ್ಥೆಯಲ್ಲಿ ಕೊರಳಿನ ನೆರೆಯಲ್ಲಿ ಮೊಳೆತು ಕೆಳಗಿಳಿದುದು. ಅದಕ್ಕೆ ಇಂದಿಗೂ ಕೊರಳಿನಿಂದಲೇ ನರವು ಬರುವುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಗೇಗೆನ್‌ಬೌರ್ ಮತ್ತು ಅವನ ಶಿಷ್ಯ ಫ್ಯೂರ್‌ಬ್ರಿಂಗರ್ ಇಂಥ ಸಂಬಂಧವನ್ನು ಸ್ನಾಯುಗಳ ವಂಶಾವಳಿಯನ್ನು ಗುರುತಿಸುವ ಸಾಧನವನ್ನಾಗಿ ಮಾಡಿಕೊಂಡರು. ನಾವು ಇತಿಹಾಸದವರು ಹಳೆಯ ಮನೆತನದ ಮೂಲವನ್ನು ತಿಳಿಯಲು ದಾನಶಾಸನವನ್ನು ಓದುವಂತೆ, ಅವರು ಸ್ನಾಯುವಿನ ಮೂಲವನ್ನು ತಿಳಿಯಲು ನರವನ್ನು ಓದಿದರು.

ಸ್ಲಾತಿನಲ್ಲಿ ಈ ಓದು ಒಂದು ದೊಡ್ಡ ಒಗಟಿಗೆ ತಾಗಿತು. ಮನುಷ್ಯನ ಕೊರಳಿನಲ್ಲಿ ಏಳು ಮಣಿಗಳು. ಇಲಿಯ ಕೊರಳಿನಲ್ಲಿಯೂ ಏಳು. ಅಷ್ಟು ಉದ್ದದ ಜಿರಾಫೆಯ ಕೊರಳಿನಲ್ಲಿಯೂ ಏಳೇ. ಸ್ತನಿಗಳಲ್ಲಿ ಈ ನಿಯಮವನ್ನು ಮೀರಿದವು ಮ್ಯಾನಟಿಯೆಂಬ ಕಡಲ ಪ್ರಾಣಿಯೂ ಸ್ಲಾತುಗಳೂ ಮಾತ್ರ. ಮೂರುಗುರಿನ ಸ್ಲಾತಿಗೆ ಕೊರಳಮಣಿಗಳು ಎಂಟರಿಂದ ಹತ್ತು. ಎರಡುಗುರಿನದಕ್ಕೆ ಐದರಿಂದ ಏಳು. ತೋಳಿನ ನರಗಳು ಕೊರಳಿಗೂ ಎದೆಗೂ ಗಡಿಯಾದ ಸ್ಥಳದಿಂದ ಹೊರಡತಕ್ಕವು. ಗಡಿಯ ಕಲ್ಲೇ ಅತ್ತಿತ್ತ ಸರಿದಿದ್ದರೆ ಯಾವ ಮಣಿಯನ್ನು ಕೊರಳಿನದೆನ್ನಬೇಕು, ಯಾವುದನ್ನು ಎದೆಯದೆನ್ನಬೇಕು? 1834ರಲ್ಲಿ ಲಂಡನ್ನಿನ ಥಾಮಸ್ ಬೆಲ್ ಎಂಬವನು ಮೂರುಗುರಿನ ಸ್ಲಾತಿನ ಕೊರಳನ್ನು ಪರೀಕ್ಷಿಸಿ, ಕೊನೆಯ ಎರಡು ಮಣಿಗಳಿಗೆ ಮೊಳಕೆಯಂಥ ಪಕ್ಕೆಲುಬುಗಳಿರುವುದನ್ನು ತೋರಿಸಿದನು. ಅವು ಎದೆಯ ಮಣಿಗಳೇ ಎಂದೂ, ಏಳರ ನಿಯಮವು ಮುರಿದಿಲ್ಲವೆಂದೂ ಅವನ ವಾದ.

ಈ ವಾದಕ್ಕೆ ಬಲವಾದ ಬೆಂಬಲವು 2010ರಲ್ಲಿ ದೊರೆಯಿತು. ಸ್ತನಿಗಳ ಮರಿಗಳಲ್ಲಿ ಬೆನ್ನುಮಣಿಗಳು ಎಲುಬಾಗಿ ಗಟ್ಟಿಯಾಗುವುದಕ್ಕೆ ಒಂದು ಕ್ರಮವಿದೆ: ಎದೆಯ ಮಣಿಗಳ ನಡುಭಾಗವು ಮೊದಲು, ಕೊರಳಿನವುಗಳದು ಆಮೇಲೆ. ಹುಟ್ಟದ ಸ್ಲಾತ್ ಮರಿಗಳಲ್ಲಿ ಈ ಕ್ರಮವನ್ನು ಪರೀಕ್ಷಿಸಿದಾಗ, ಕೊರಳಿನ ಕೆಳತುದಿಯ ಮಣಿಗಳು ಎದೆಯವುಗಳಂತೆಯೇ ಬೇಗ ಗಟ್ಟಿಯಾಗುವುದು ಕಂಡುಬಂದಿತು. ಬೆನ್ನುಮಣಿಗಳ ಸಾಲು ಇದ್ದಲ್ಲಿಯೇ ಇದೆ. ಹೆಗಲು, ಪಕ್ಕೆಲುಬಿನ ಗೂಡು, ಸೊಂಟ, ಇವು ಮಾತ್ರ ಅದರ ಮೇಲೆ ಜರುಗಿವೆ ಎಂದು ಆ ವಿದ್ವಾಂಸರು ನಿರ್ಣಯಿಸಿದರು. ಬೆಲ್ಲನು ಕೈಗೆ ಸಿಕ್ಕ ಎರಡು ಸಣ್ಣ ಎಲುಬುಗಳಿಂದ ಊಹಿಸಿದುದು ನೂರೆಪ್ಪತ್ತಾರು ವರ್ಷಗಳ ಮೇಲೆ ಹೀಗೆ ಸಮರ್ಥಿತವಾಯಿತು. ಮಂದಗತಿಯ ಪ್ರಾಣಿಯ ವಿಷಯದಲ್ಲಿ ಜ್ಞಾನವೂ ಮಂದಗತಿಯಿಂದಲೇ ಬಂದಿತು.

ಇನ್ನು ರಕ್ತನಾಳಗಳ ವಿಚಾರ. ನರವೂ ಧಮನಿಯೂ ತೋಳಿನಲ್ಲಿ ಒಟ್ಟಿಗೆ ಸಾಗುವುದರಿಂದ ಒಂದನ್ನು ಬಿಟ್ಟು ಮತ್ತೊಂದನ್ನು ಹೇಳುವಂತಿಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು ಸೀಮೆಯ ಬೆಳೆ, ಮಣ್ಣು, ಕಸುಬುಗಳನ್ನು ಬರೆದುಕೊಳ್ಳುತ್ತ ಸಂಚರಿಸುತ್ತಿದ್ದನು. ಅದೇ ವರ್ಷ ಲಂಡನ್ನಿನಲ್ಲಿ ಆಂಥನಿ ಕಾರ್ಲೈಲ್ ಎಂಬ ಶಸ್ತ್ರವೈದ್ಯನು ಎರಡು ಕಾರಣಗಳಿಂದ ಹೆಸರಾದನು. ವೋಲ್ಟಾನ ಹೊಸ ವಿದ್ಯುತ್ಕೋಶದ ಸುದ್ದಿಯು ಇಂಗ್ಲೆಂಡಿಗೆ ಬಂದ ಕೂಡಲೆ, ಅವನು ನಿಕಲ್ಸನ್ ಎಂಬವನೊಡನೆ ಸೇರಿ ನೀರನ್ನು ವಿದ್ಯುತ್ತಿನಿಂದ ಎರಡು ವಾಯುಗಳಾಗಿ ಒಡೆದನು. ಇದನ್ನು ಶಾಲೆಯ ಮಕ್ಕಳೂ ಓದುವರು. ಎರಡನೆಯದನ್ನು ಬಲ್ಲವರು ಕಡಮೆ. ಅವನು ನಿಧಾನ ನಡೆಯ ಪ್ರಾಣಿಗಳ ಕೈಕಾಲಿನ ಧಮನಿಗಳನ್ನು ಬಣ್ಣ ತುಂಬಿ ಬಿಡಿಸಿ ನೋಡಿ, ರಾಯಲ್ ಸೊಸೈಟಿಗೆ ಒಂದು ವರದಿಯನ್ನು ಒಪ್ಪಿಸಿದನು.

ನಮ್ಮಲ್ಲಿ ತೋಳಿಗೆ ಬರುವ ಧಮನಿಯು ಮರದ ಕಾಂಡದಂತೆ ಒಂದಾಗಿ ಬಂದು, ಮುಂದೆ ಕವಲೊಡೆಯುವುದು. ಲೋರಿಸಿನಲ್ಲಿ ಅದು ಕಂಕುಳಿಗೆ ಬಂದೊಡನೆಯೇ ಇಪ್ಪತ್ತಮೂರು ಸಮಗಾತ್ರದ ನಾಳಗಳಾಗಿ ಸೀಳಿ, ನಡುವಿನ ಕಿರಿದಾದ ಮೂಲನಾಳವನ್ನು ಸುತ್ತುಗಟ್ಟಿದುದನ್ನು ಕಾರ್ಲೈಲನು ಕಂಡನು. ಮೂರುಗುರಿನ ಸ್ಲಾತಿನ ತೋಳಿನಲ್ಲಿ ಕಟ್ಟಿನ ಹೊರಮೈಯಲ್ಲಿಯೇ ನಲವತ್ತೆರಡನ್ನು ಎಣಿಸಿದನು. ನಮ್ಮ ಕಾಡುಪಾಪದ ಜಾತಿಯ ತೆಳುಮೈಯ ಲೋರಿಸಿನಲ್ಲಿಯೂ ಇಂಥದೇ ಕಟ್ಟು ಇದ್ದಿತು. ವಂಶದಿಂದ ಬಹುದೂರವಾದ ಎರಡು ಜಾತಿಗಳು. ಒಂದು ಅಮೆರಿಕೆಯದು, ಒಂದು ಏಷ್ಯದ್ದು. ಒಂದು ಇರುವೆಬಾಕಗಳ ಬಂಧು, ಒಂದು ನಮ್ಮ ಮತ್ತು ಕೋತಿಗಳ ದೂರದ ದಾಯಾದಿ. ಆದರೂ ಅವುಗಳ ತೋಳಿನೊಳಗೆ ಒಂದೇ ಬಗೆಯ ಏರ್ಪಾಡು. ಸೋಮಾರಿಯೆಂಬ ಹಳೆಯ ಹೆಸರಿನವರು ಹೋಲಿಕೆಯನ್ನು ಕಂಡುದು ಪೂರ್ತಿಯಾಗಿ ಸುಳ್ಳಲ್ಲ. ಹೋಲಿಕೆಯಿಂದ ಬಂಧುತ್ವವನ್ನು ಎಣಿಸಿದುದು ತಪ್ಪು. ಒಂದೇ ಬಗೆಯ ಬಾಳು ಬೇರೆ ಬೇರೆ ಮನೆತನಗಳಿಗೆ ಒಂದೇ ಬಗೆಯ ಸಾಧನವನ್ನು ಕೊಡಬಲ್ಲುದು.

ಈ ನಾಳಗಳ ಕಟ್ಟಿನಿಂದ ಪ್ರಯೋಜನವೇನು? ರಕ್ತದ ವೇಗವು ಅದರಲ್ಲಿ ಕುಗ್ಗುವುದೆಂದೂ, ಆದುದರಿಂದಲೇ ನಡೆ ನಿಧಾನವೆಂದೂ ಕಾರ್ಲೈಲನು ಭಾವಿಸಿದನು. 1957ರಲ್ಲಿ ಷೊಲಾಂಡರ್ ಮತ್ತು ಕ್ರೋಗ್ ಎಂಬ ಶರೀರಕ್ರಿಯಾಶಾಸ್ತ್ರಜ್ಞರು ಸ್ಲಾತುಗಳನ್ನು ಪರೀಕ್ಷಿಸಿ ಬೇರೊಂದು ಅಂಶವನ್ನು ಎತ್ತಿಹಿಡಿದರು. ಆ ಕಟ್ಟಿನಲ್ಲಿ ಧಮನಿಗಳೂ ಸಿರೆಗಳೂ ಒತ್ತೊತ್ತಾಗಿ ಹೆಣೆದಿರುವುವು. ಎದೆಯಿಂದ ಹೊರಡುವ ಬಿಸಿರಕ್ತವು, ಕೈಯಿಂದ ಮರಳುವ ತಣ್ಣನೆಯ ರಕ್ತಕ್ಕೆ ತನ್ನ ಕಾವನ್ನು ದಾರಿಯಲ್ಲಿಯೇ ಕೊಟ್ಟುಬಿಡುವುದು. ಕೈಕಾಲು ತಣ್ಣಗಾದರೂ ಒಡಲಿನ ಕಾವು ಉಳಿಯುವುದು. ಸ್ಲಾತಿಗೆ ಇದು ಅಲ್ಪ ಲಾಭವಲ್ಲ. ಅದರ ಆಹಾರ ಎಲೆ. ಎಲೆಯಲ್ಲಿ ಸತ್ತ್ವ ಕಡಮೆ. ಅದರ ಮೈಕಾವು ನಮ್ಮದಕ್ಕಿಂತ ಕೆಳಗೆ, ಮೂರುಗುರಿನದರಲ್ಲಿ ಸಾಮಾನ್ಯವಾಗಿ 30ರಿಂದ 34 ಡಿಗ್ರಿ ಸೆಂಟಿಗ್ರೇಡಿನ ಒಳಗೆ. ಮೈತೂಕದಲ್ಲಿ ಸ್ನಾಯುವಿನ ಪಾಲು ಸುಮಾರು ಕಾಲುಭಾಗ ಮಾತ್ರ, ಮತ್ತು ಆ ಸ್ನಾಯು ಬೆಕ್ಕಿನ ಸ್ನಾಯುವಿಗಿಂತ ಹಲವು ಪಟ್ಟು ನಿಧಾನವಾಗಿ ಕುಗ್ಗತಕ್ಕುದು. ಆದಾಯ ಕಡಮೆಯಿರುವ ಗೃಹಸ್ಥನು ವೆಚ್ಚವನ್ನು ಬಿಗಿಹಿಡಿಯುವಂತೆ ಈ ಪ್ರಾಣಿಯು ಬದುಕುವುದು. ಅಂಥವನನ್ನು ನಾವು ಜಾಣನೆನ್ನುವೆವು, ಸೋಮಾರಿಯೆನ್ನುವುದಿಲ್ಲ.

ಕಾಡುಪಾಪದ ಕೈಯನ್ನೂ ಗಮನಿಸಬೇಕು. ಅದರ ತೋರುಬೆರಳು ಮೊಟುಕಾಗಿದೆ. ಹೆಬ್ಬೆರಳು ಎದುರುಬದಿಗೆ ಅಗಲವಾಗಿ ತೆರೆಯುವುದು. ಹೀಗಾಗಿ ಅಂಗೈಯು ಕಮ್ಮಾರನ ಇಕ್ಕುಳದಂತೆ ಕೊಂಬೆಯನ್ನು ಹಿಡಿದು, ಬಹಳ ಹೊತ್ತು ಬಿಡದೆ ಇರಬಲ್ಲುದು. ಸ್ಲಾತಿನ ಕೈ ಕೊಕ್ಕೆ, ಕಾಡುಪಾಪದ್ದು ಇಕ್ಕುಳ, ಕರಡಿಯದು ಹಾರೆ. ಮೂರಕ್ಕೂ ನರವಿನ್ಯಾಸ ಒಂದೇ. ಕಸುಬು ಮಾತ್ರ ಬೇರೆ.

ತೋಳಿನಲ್ಲಿ ಇನ್ನೊಂದು ಹಳೆಯ ಗುರುತುಂಟು. ಎರಡುಗುರಿನ ಸ್ಲಾತಿನ ತೋಳೆಲುಬಿನಲ್ಲಿ, ಮೊಣಕೈಯ ಒಳಬದಿಗೆ ಸ್ವಲ್ಪ ಮೇಲೆ, ಒಂದು ರಂಧ್ರವಿದೆ. ಮೀಡಿಯನ್ ನರವು ಸೂಜಿಯ ಕಣ್ಣಿನಲ್ಲಿ ನೂಲು ಹೋಗುವಂತೆ ಅದರೊಳಗೆ ಹಾದು ಮುಂಗೈಗೆ ಇಳಿಯುವುದು. ಬೆಕ್ಕಿನಲ್ಲಿಯೂ ಈ ರಂಧ್ರವುಂಟು. ನಮ್ಮ ಕರಡಿಯಲ್ಲಿ ಇಲ್ಲ. ಮನುಷ್ಯನಲ್ಲಿಯೂ ಇಲ್ಲ. ಆದರೆ ನೂರರಲ್ಲಿ ಸುಮಾರು ಒಬ್ಬನ ತೋಳೆಲುಬಿನಲ್ಲಿ ಅದೇ ಸ್ಥಳದಲ್ಲಿ ಒಂದು ಸಣ್ಣ ಮುಳ್ಳು ಇರುವುದು. ಅಲ್ಲಿಂದ ಒಂದು ನಾರು ಕೆಳಗಿನವರೆಗೆ ಹಬ್ಬಿ, ಅರೆಬರೆಯಾದ ಬಾಗಿಲನ್ನು ಕಟ್ಟುವುದು. ಎಡಿನ್‌ಬರೋದ ಸ್ಟ್ರದರ್ಸ್ ಎಂಬ ಅಂಗರಚನಾಶಾಸ್ತ್ರಜ್ಞನು 1848ರಲ್ಲಿ ಇದನ್ನು ವಿವರಿಸಿದನು. ಡಾರ್ವಿನನು 1871ರ ತನ್ನ ಗ್ರಂಥದಲ್ಲಿ ಮನುಷ್ಯನಿಗೂ ಇತರ ಪ್ರಾಣಿಗಳಿಗೂ ಇರುವ ಸಂಬಂಧಕ್ಕೆ ಇದನ್ನು ಸಾಕ್ಷ್ಯವಾಗಿ ಕರೆದನು. ಆ ನಾರಿನ ಕೆಳಗೆ ಮೀಡಿಯನ್ ನರವು ಸಿಕ್ಕಿಕೊಂಡು, ಬೆರಳುಗಳು ಜೋಮುಹಿಡಿದು ಬಲಗುಂದುವುದುಂಟು. ಹೊರಗಿನಿಂದ ನೋಡಿದವರಿಗೆ ಅಲ್ಲಿ ಏನೂ ಕಾಣದು.

ಸ್ಲಾತುಗಳ ವಂಶದ ಮಾತನ್ನೂ ಪೂರೈಸಿಬಿಡುವೆನು. 1796ರಲ್ಲಿ ಪ್ಯಾರಿಸಿನ ಕುವಿಯೇ, ದಕ್ಷಿಣ ಅಮೆರಿಕೆಯಿಂದ ಮ್ಯಾಡ್ರಿಡ್ಡಿಗೆ ಬಂದಿದ್ದ ಆನೆಯ ಗಾತ್ರದ ಒಂದು ಎಲುಬುಗೂಡಿನ ಚಿತ್ರಗಳನ್ನು ಪರೀಕ್ಷಿಸಿ, ಅದು ಸ್ಲಾತುಗಳ ಬಂಧುವೆಂದು ಸಾರಿ, ಮೆಗಥೀರಿಯಂ ಎಂದು ಹೆಸರಿಟ್ಟನು. ನೆಲದ ಮೇಲೆ ಓಡಾಡುತ್ತಿದ್ದ ಇಂಥ ಮಹಾಸ್ಲಾತುಗಳು ಅನೇಕವಿದ್ದುವು, ಎಲ್ಲವೂ ಅಳಿದುವು. 2019ರಲ್ಲಿ ಹಳೆಯ ಎಲುಬುಗಳ ಪ್ರೋಟೀನುಗಳನ್ನೂ ವಂಶದ್ರವ್ಯವನ್ನೂ ಓದಿದ ವಿದ್ವಾಂಸರು ಒಂದು ಹೊಸ ಸಂಗತಿಯನ್ನು ಹೊರಗೆಡಹಿದರು. ಇಂದು ಒಂದೇ ಕಾಡಿನಲ್ಲಿ ಒಂದೇ ರೀತಿಯಲ್ಲಿ ತೂಗಾಡುವ ಎರಡು ಸ್ಲಾತುಗಳೂ ಹತ್ತಿರದ ಒಡಹುಟ್ಟಿದವಲ್ಲ. ಅವು ನೆಲದ ಮಹಾಸ್ಲಾತುಗಳ ಬೇರೆ ಬೇರೆ ಮನೆತನಗಳಿಂದ ಬಂದು, ಬೇರೆ ಬೇರೆಯಾಗಿಯೇ ತೂಗಾಡುವುದನ್ನು ಕಲಿತುವು. ಷಾ ಮಾತ್ರವೇ ಹೋಲಿಕೆಗೆ ಮೋಸಹೋದವನಲ್ಲ. ಲಿನೇಯಸನಿಂದ ಇತ್ತೀಚಿನವರೆಗೆ ಎಲ್ಲರೂ ಸ್ವಲ್ಪಮಟ್ಟಿಗೆ ಹೋದವರೇ.

ಈಗ ಮೇಲವಂಕಿಗೆ ಮರಳುವೆನು. ವಂಕಿಯೆಂದರೆ ನಮ್ಮ ಹೆಣ್ಣುಮಕ್ಕಳು ಮೇಲ್ದೋಳಿಗೆ ತೊಡುವ ಬಾಗಿದ ಆಭರಣ. ನಮ್ಮೂರ ಹೆಸರಿಗೂ ಅದಕ್ಕೂ ಸಂಬಂಧವುಂಟೆಂದು ನಾನು ಸಾಧಿಸಹೊರಟಿಲ್ಲ. ಆದರೆ ಅನೇಕ ವರ್ಷಗಳ ಮೇಲೆ ವೈದ್ಯಮಿತ್ರರೊಬ್ಬರು ತೋಳಿನ ಎಲುಬನ್ನು ನನ್ನ ಕೈಯಲ್ಲಿಟ್ಟು, ಅದರ ಹಿಂಬದಿಯ ಓರೆಯಾದ ಗಾಡಿಯನ್ನು ಬೆರಳಿನಿಂದ ತೋರಿಸಿದಾಗ, ನನಗೆ ಮೊದಲು ತೋರಿದುದು ಆ ಆಭರಣವೇ. ವಂಕಿ ಕೂರುವ ಎತ್ತರದಲ್ಲಿಯೇ ರೇಡಿಯಲ್ ನರವು ಎಲುಬಿಗೆ ಅಂಟಿಕೊಂಡು, ಹಿಂದಿನಿಂದ ಹೊರಬದಿಗೆ ಸುತ್ತಿಬರುವುದು. ಅಲ್ಲಿ ಎಲುಬು ಮುರಿದರೆ ನರವೂ ಜಜ್ಜಿಹೋಗಬಹುದು. ಆಗ ಮಣಿಕಟ್ಟನ್ನೂ ಬೆರಳುಗಳನ್ನೂ ಎತ್ತುವ ಶಕ್ತಿಯು ಹೋಗುವುದು. ಮಣಿಕಟ್ಟು ಜೋತುಬಿದ್ದರೆ ಮಡಿಸುವ ಸ್ನಾಯುಗಳು ಆರೋಗ್ಯವಾಗಿದ್ದರೂ ಹಿಡಿತವು ಸಡಿಲವಾಗುವುದು. ತಾವೇ ಮಣಿಕಟ್ಟನ್ನು ಕೆಳಗೆ ಬಾಗಿಸಿ ಮುಷ್ಟಿ ಬಿಗಿದು ನೋಡಿದರೆ ಇದು ತಿಳಿಯುವುದು. ಕಾಕಾ ಅವರ ಕೈಯಿಂದ ಕಬ್ಬು ಜಾರುತ್ತಿದ್ದುದು ಈ ಕಾರಣದಿಂದ.

ಇಂಥ ಬೇನೆ ಬಹುಮಂದಿಗೆ ಕೆಲವು ತಿಂಗಳಲ್ಲಿ ತಾನಾಗಿ ಗುಣವಾಗುವುದು. ಗುಣವಾಗದವರಿಗೂ ದಾರಿಯುಂಟು. ಮಣಿಕಟ್ಟನ್ನು ಎತ್ತಿಹಿಡಿಯುವ ಒಂದು ಪಟ್ಟಿಯಿಂದಲೇ ಹಿಡಿತವು ಎಷ್ಟೋ ಸುಧಾರಿಸುವುದು. ಮಡಿಸುವ ಸ್ನಾಯುಗಳಲ್ಲಿ ಒಂದೆರಡರ ಕಂಡರವನ್ನು ಬಿಡಿಸಿ ಚಾಚುವ ಕಡೆಗೆ ಹೊಲಿಯುವ ಶಸ್ತ್ರಚಿಕಿತ್ಸೆಯು ಮೊದಲನೆಯ ಮಹಾಯುದ್ಧದ ಕಾಲದಿಂದ ರೂಢಿಯಲ್ಲಿದೆ. ಅದೇ ತತ್ತ್ವದಿಂದ ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರಾಂಡರು 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಮಡಿದ ಬೆರಳುಗಳನ್ನು ತೆರೆಸಿ, ಸಾವಿರಾರು ಮಂದಿ ಮತ್ತೆ ದುಡಿದುಣ್ಣುವ ದಾರಿಯನ್ನು ತೋರಿಸಿದರು. ನಮ್ಮ ಕಾಕಾ ಬಿದ್ದಾಗ ಈ ವಿದ್ಯೆಯು ದೇಶದಲ್ಲಿ ಇದ್ದೇ ಇದ್ದಿತು. ಆದರೆ ಚಿಕಿತ್ಸೆ ಹುಡುಕಬೇಕಾದರೆ ಮೊದಲು ಅದು ರೋಗವೆಂದು ತೋರಬೇಕಷ್ಟೆ! ಮೈಗಳ್ಳತನವೆಂದು ಹೆಸರಿಟ್ಟ ಮೇಲೆ ಯಾರೂ ವೈದ್ಯನನ್ನು ಹುಡುಕಲಿಲ್ಲ. ಅವರು ಎಡಗೈಯಲ್ಲಿ ಕುಡುಗೋಲು ಹಿಡಿಯಲು ಕಲಿತು, ಆ ಹೆಸರನ್ನು ಹೊತ್ತುಕೊಂಡೇ ತೀರಿಹೋದರು. ನನಗೆ ನಿಜವು ತಿಳಿದುದು ಅವರು ಹೋದ ನಾಲ್ಕು ವರ್ಷಗಳ ಮೇಲೆ.

ಮೃಗಗಳಿಗೂ ಹೆಸರಿನಿಂದ ಕೇಡಾಗಿದೆ. ಕಾಡುಪಾಪದ ದೊಡ್ಡ ಕಣ್ಣುಗಳಲ್ಲಿ ಔಷಧವುಂಟೆಂದೂ ಮಾಟವುಂಟೆಂದೂ ನಂಬಿ ಅದನ್ನು ಹಿಡಿದು ಹಿಂಸಿಸಿದರು. ಕರಡಿಯ ಮೂಗಿಗೆ ಹಗ್ಗ ಪೋಣಿಸಿ ಬೀದಿಯಲ್ಲಿ ಕುಣಿಸಿದರು. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಎರಡನ್ನೂ ರಕ್ಷಿತ ಪ್ರಾಣಿಗಳ ಪಟ್ಟಿಗೆ ಸೇರಿಸಿತು. 1994ರಲ್ಲಿ ದರೋಜಿಯ ಕರಡಿಧಾಮವು ಏರ್ಪಟ್ಟಿತು. ಬೀದಿಯಿಂದ ಬಿಡಿಸಿ ತಂದ ಅನೇಕ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಆಶ್ರಯ ದೊರೆಯಿತು.

ನನ್ನ ತರಗತಿಯಲ್ಲಿ ಬರೆಯುವುದಕ್ಕೆ ತಡಮಾಡುವ ಹುಡುಗರು ಪ್ರತಿವರ್ಷವೂ ಒಬ್ಬಿಬ್ಬರು ಇರುವರು. ಮೊದಲಿನ ವರ್ಷಗಳಲ್ಲಿ ನಾನು ಅವರಿಗೆ ಸುಲಭವಾಗಿ ಒಂದು ಹೆಸರಿಡುತ್ತಿದ್ದೆನು. ಈಗ ಅವರನ್ನು ಹತ್ತಿರ ಕರೆದು, ಕೈಯನ್ನು ತೋರಿಸೆಂದು ಕೇಳುವೆನು. ಬಹುಮಂದಿಯ ಕೈಯಲ್ಲಿ ಯಾವ ದೋಷವೂ ಇರುವುದಿಲ್ಲ. ಅವರು ನಿಜವಾಗಿಯೇ ಪಾಠ ಓದಿರುವುದಿಲ್ಲ. ಆದರೂ ಕೇಳುವುದನ್ನು ಬಿಟ್ಟಿಲ್ಲ.